ಹೊದೆಯುವ ರಗ್ಗು, ಹಾಸುವ ರಗ್ಗು

ನಮ್ಮ ಕಡೆ ರಗ್ಗು ಅಂದ್ರೆ ಚಳಿಗೆ ಹೊದ್ದು ಮಲಗೋದು. ಅಮೆರಿಕದಲ್ಲಿ ರಗ್ಗು ಅಂದ್ರೆ ನೆಲಕ್ಕೆ ಹಾಸೋದು. ಫೀನಿಕ್ಸಿಗೆ ಬಂದ ಹೊಸತರಲ್ಲಿ ಇದು ಗೊತ್ತಿಲ್ಲದೆ, ಅಂಗಡಿಯಲ್ಲಿ ರಗ್ಗು ಕೇಳಿ ಕಾಲೊರೆಸುವ ಚಾಪೆಗಳ ಸಾಲಿನ ಮುಂದೆ ನಿಂತು ಪೆಚ್ಚಾದವನು ನಾನು :-) ಈ ಎರಡು ಅರ್ಥಗಳ ನಡುವೆ ಒಂದು ಜನಾಂಗದ ಚರಿತ್ರೆಯೇ ಇದೆ ಅಂತ ಆಗ ಗೊತ್ತಿರಲಿಲ್ಲ.

ಗೊತ್ತಾಗಿದ್ದು ಒಂದು ಲಾಂಗ್ ವೀಕೆಂಡಿನಲ್ಲಿ. ಗೆಳೆಯರೆಲ್ಲ ಸೇರಿ ಕ್ಯಾನ್ಯನ್ ಡಿ ಶೇ ಕಣಿವೆ ನೋಡಲು ಹೊರಟಿದ್ದೆವು. ಫೀನಿಕ್ಸಿನಿಂದ ಸುಮಾರು ಐದು ಗಂಟೆ ಕಾರು ಓಡಿಸಿದರೆ ಗನಾಡೋ ಎಂಬ ಪುಟ್ಟ ಊರು. ಸುತ್ತಲಿನದೆಲ್ಲ ನವಾಹೋ ಜನರ ನಾಡು. (ಅವರು ತಮ್ಮನ್ನು ಕರೆದುಕೊಳ್ಳುವುದು 'ಡಿನೇ' ಅಂತ. ಅಂದರೆ 'ಜನ', ಅಷ್ಟೇ.) ಅಲ್ಲೊಬ್ಬ ಅಜ್ಜಿ ನೆಟ್ಟಗೆ ನಿಲ್ಲಿಸಿದ ಮಗ್ಗದ ಮುಂದೆ ಕೂತು ನೇಯುತ್ತಿದ್ದರು. ಪಕ್ಕದಲ್ಲಿದ್ದ ಚಿಕ್ಕದೊಂದು ರಗ್ಗಿನ ಬೆಲೆ ಚೀಟಿ ನೋಡಿ ನಮ್ಮ ಗುಂಪಿನವನೊಬ್ಬ "ಇಷ್ಟುದ್ದಕ್ಕೆ ಇಷ್ಟೊಂದಾ!" ಅಂತ ಕನ್ನಡದಲ್ಲೇ ಗೊಣಗಿದ. ನಾನು ವಿಷಯ ಮರೆಸಲು, "ಇದನ್ನು ಮಾಡೋಕೆ ಎಷ್ಟು ದಿನ ಬೇಕು?" ಎಂದು ಇಂಗ್ಲಿಷಿನಲ್ಲಿ ಕೇಳಿದೆ. ಅಜ್ಜಿ ಕೈ ನಿಲ್ಲಿಸದೆ ಹೇಳಿದರು: "ಲೆಕ್ಕ ಮಗ್ಗದಿಂದ ಶುರು ಮಾಡಲಾ, ಕುರಿಯಿಂದ ಶುರು ಮಾಡಲಾ?"

ಪ್ರಾಜೆಕ್ಟಿಗೆ ಎಸ್ಟಿಮೇಟು ಕೊಟ್ಟೇ ಹೊಟ್ಟೆ ಹೊರೆಯುವವನು ನಾನು. ಆ ಪ್ರಶ್ನೆ ಸರಿಯಾಗಿ ನಾಟಿತು. ವಾಪಸ್ ಬಂದು ಓದತೊಡಗಿದೆ.

ಸರಿ, ಕುರಿಯಿಂದಲೇ ಶುರು ಮಾಡೋಣ. ವಸಂತದಲ್ಲಿ ಕುರಿಯ ಉಣ್ಣೆ ಕತ್ತರಿಸುತ್ತಾರೆ. ಮುಳ್ಳು, ಕಸಕಡ್ಡಿ ಆರಿಸುತ್ತಾರೆ. ತೊಳೆಯಲು ಯಕ್ಕಾ ಎಂಬ ಮರುಭೂಮಿ ಗಿಡದ ಬೇರನ್ನು ಜಜ್ಜುತ್ತಾರೆ, ನಮ್ಮ ಅಂಟುವಾಳದ ಹಾಗೆ ನೊರೆ ಬರುತ್ತೆ. ಆಮೇಲೆ ತಂತಿಹಲ್ಲಿನ ಎರಡು ಹಲಗೆಗಳ ನಡುವೆ ಉಣ್ಣೆಯನ್ನು ಬಾಚಿ ಎಳೆಗಳನ್ನು ಒಂದೇ ದಿಕ್ಕಿಗೆ ತರುತ್ತಾರೆ. ಬೂದು ಬಣ್ಣ ಬೇಕಿದ್ದರೆ ಬಿಳಿ, ಕಪ್ಪು ಉಣ್ಣೆಯನ್ನು ಈ ಹಂತದಲ್ಲೇ ಬೆರೆಸಿ ಬಾಚಬೇಕು. ನೂಲಲು ರಾಟೆ ಇಲ್ಲ. ಉದ್ದನೆಯ ಕೋಲಿಗೆ ಮರದ ಬಿಲ್ಲೆ ಸಿಕ್ಕಿಸಿದ ಕದಿರು. ಅದನ್ನು ತೊಡೆಯ ಮೇಲೆ ಉರುಳಿಸುತ್ತಾ ನೂಲುತ್ತಾರೆ. ಒಂದು ಸಲ ನೂತರೆ ಸಾಲದು, ಸಣ್ಣ ಎಳೆ ಬೇಕಿದ್ದರೆ ಅದೇ ನೂಲನ್ನು ಎರಡು ಮೂರು ಸಲ ನೂಲಬೇಕು. ಬಣ್ಣಕ್ಕೆ ಗಿಡಗಳ ಹೂವು, ಸಿಪ್ಪೆ, ಬೇರು.

ಇಷ್ಟಾದ ಮೇಲೆ ಮಗ್ಗ. ಹಾಸಿನ ದಾರವನ್ನು ಕಡಿಯದೆ ಒಂದೇ ಎಳೆಯಾಗಿ ಕಟ್ಟುವುದರಿಂದ ರಗ್ಗಿನ ನಾಲ್ಕು ಅಂಚೂ ಮುಚ್ಚಿದ ಅಂಚು. ಹೊಕ್ಕಿನ ಬಣ್ಣದ ಎಳೆಗಳನ್ನು ಬೇಕಾದಷ್ಟೇ ದೂರ ಬೆರಳಲ್ಲಿ ತೂರಿಸಿ, ಮರದ ಬಾಚಣಿಗೆಯಿಂದ ಬಡಿದು ಕೂರಿಸುತ್ತಾರೆ. ಮೇಲೆ ಹೋದಂತೆ ಬೆರಳಾಡಲು ಜಾಗವೇ ಇರುವುದಿಲ್ಲ. ಕೊನೆಯ ಕೆಲವು ಅಂಗುಲಗಳನ್ನು ತೆಳು ಕಡ್ಡಿ, ಸೂಜಿ ಹಿಡಿದು ಮುಗಿಸಬೇಕು. ಸಾಂಪ್ರದಾಯಿಕವಾಗಿ ಕಾಗದದ ಮೇಲೆ ವಿನ್ಯಾಸ ಬರೆದುಕೊಳ್ಳುವ ಪದ್ಧತಿಯಿಲ್ಲ, ಎಲ್ಲ ತಲೆಯಲ್ಲೇ. ನೇಯ್ಗೆ ಕಲಿಸಿದವಳು ಜೇಡತಾಯಿ ಎಂಬುದು ಅವರ ನಂಬಿಕೆ. ಕ್ಯಾನ್ಯನ್ ಡಿ ಶೇಯಲ್ಲಿ ಆಕೆಯ ಹೆಸರಿನ ಬೃಹತ್ ಬಂಡೆಗಂಬವೇ ಇದೆ.

ಅಜ್ಜಿಯ ಪ್ರಶ್ನೆಗೆ ಲೆಕ್ಕವೂ ಸಿಕ್ಕಿತು. 1973ರಲ್ಲಿ ನವಾಹೋಗಳದೇ ಆದ ಕಾಲೇಜು (ಈಗ ಅದು ಡಿನೇ ಕಾಲೇಜು) ಒಂದು ಅಧ್ಯಯನ ಮಾಡಿತು. ಮೂರಡಿ ಅಗಲ ಐದಡಿ ಉದ್ದದ ರಗ್ಗಿಗೆ ನುರಿತ ನೇಕಾರ್ತಿಗೆ ಸರಾಸರಿ 345 ಗಂಟೆ. ಉಣ್ಣೆ ಕತ್ತರಿಸಿ ಹದ ಮಾಡಲು 45, ನೂಲಲು 24, ಬಣ್ಣಕ್ಕೆ 60, ನೇಯಲು 215, ಉಳಿದದ್ದಕ್ಕೆ ಒಂದು. ದಿನಕ್ಕೆ ಎಂಟು ಗಂಟೆ ಅಂದರೂ 43 ದಿನ! ಮೂರರಲ್ಲೊಂದು ಪಾಲಿಗಿಂತ ಹೆಚ್ಚು ಕೆಲಸ ನಮ್ಮಂಥ ಪ್ರವಾಸಿಗಳ ಕಣ್ಣಿಗೇ ಬೀಳುವುದಿಲ್ಲ.

ಈ ಲೆಕ್ಕ ತಪ್ಪಿದವರಲ್ಲಿ ನಾವೇ ಮೊದಲಿಗರಲ್ಲ.

ಕುರಿ ಈ ನೆಲದ್ದಲ್ಲ. ಸ್ಪೇನಿನವರು 1540ರಲ್ಲಿ, ಆಮೇಲೆ 1598ರಲ್ಲಿ ವಲಸೆಗಾರರೊಂದಿಗೆ ತಂದದ್ದು. ಚುರ್ರೋ ಎಂಬ ಆ ತಳಿಗೆ ಉದ್ದ ಎಳೆಯ, ಜಿಡ್ಡು ಕಡಿಮೆಯಿರುವ ಉಣ್ಣೆ. ನೀರಿಲ್ಲದ ನಾಡಿಗೆ ಹೇಳಿ ಮಾಡಿಸಿದಂತಿತ್ತು. ಮಗ್ಗದ ವಿದ್ಯೆ ನೆರೆಯ ಪ್ವೆಬ್ಲೋ ಜನರಿಂದ ಬಂದದ್ದು ಎನ್ನುತ್ತಾರೆ ಇತಿಹಾಸಕಾರರು. ಪ್ವೆಬ್ಲೋಗಳಲ್ಲಿ ಗಂಡಸರು ಹತ್ತಿ ನೇಯುತ್ತಿದ್ದರೆ, ಇವರಲ್ಲಿ ಹೆಂಗಸರು ಉಣ್ಣೆ ನೇಯ್ದರು. ಕುರಿಯೂ ಹೆಂಗಸರದೇ ಆಸ್ತಿ.

ಆಗ ಇವು ಹೊದೆಯುವ ಕಂಬಳಿಗಳು. ನೀರು ಸುಲಭಕ್ಕೆ ಇಳಿಯದಷ್ಟು ಬಿಗಿ ನೇಯ್ಗೆ. ಅಗಲ ಪಟ್ಟೆಗಳ 'ನಾಯಕನ ಕಂಬಳಿ' ದೂರದ ಬಯಲು ಸೀಮೆಯ ಬುಡಕಟ್ಟುಗಳವರೆಗೂ ಮಾರಾಟವಾಗುತ್ತಿತ್ತು. ತಮಾಷೆಯೆಂದರೆ ನವಾಹೋಗಳಲ್ಲಿ ಅಂಥ ನಾಯಕರೇ ಇರಲಿಲ್ಲ. ಕೊಳ್ಳುತ್ತಿದ್ದವರು ಬೇರೆ ಬುಡಕಟ್ಟಿನ ಗಣ್ಯರು, ಹೆಸರಿಟ್ಟವರು ಹೊರಗಿನವರು. ಒಳ್ಳೆಯ ಕೆಂಪು ಸ್ಥಳೀಯ ಗಿಡಗಳಿಂದ ಬರುತ್ತಿರಲಿಲ್ಲವಾದ್ದರಿಂದ ವ್ಯಾಪಾರಿಗಳು ತರುವ ಕೆಂಪು ಬಟ್ಟೆಯನ್ನು ಎಳೆ ಎಳೆಯಾಗಿ ಬಿಚ್ಚಿ ಮತ್ತೆ ನೇಯುತ್ತಿದ್ದರು. ಅಂಥ ಹಳೆಯ ಕೆಂಪುಗಳಲ್ಲಿ ಕೆಲವನ್ನು ಪರೀಕ್ಷಿಸಿದಾಗ ಸಿಕ್ಕಿದ್ದೇನು ಗೊತ್ತೇ? ಏಷ್ಯಾದ ಅರಗು. ನಮ್ಮ ಚನ್ನಪಟ್ಟಣದ ಬೊಂಬೆಗೆ ಹೊಳಪು ಕೊಡುವ ಅದೇ ಅರಗಿನ ಹುಳುವಿನ ಬಣ್ಣ, ಸಮುದ್ರಗಳನ್ನು ದಾಟಿ, ಅರಿಜೋನಾದ ಕಂಬಳಿಯಲ್ಲಿ ಕೂತಿದೆ!

1863-64ರಲ್ಲಿ ಅಮೆರಿಕದ ಸೈನ್ಯ ಬಂತು. ಕಿಟ್ ಕಾರ್ಸನ್ ನೇತೃತ್ವದಲ್ಲಿ ಹೊಲ ಸುಟ್ಟರು, ಕುರಿಗಳನ್ನು ಕೊಂದರು ಇಲ್ಲವೆ ಹೊಡೆದುಕೊಂಡು ಹೋದರು, ಕಣಿವೆಯ ಪೀಚ್ ಮರಗಳನ್ನು ಕಡಿದರು. ಹಸಿವಿಗೆ ಶರಣಾದ ಎಂಟು ಸಾವಿರಕ್ಕೂ ಹೆಚ್ಚು ಜನರನ್ನು ನೂರಾರು ಮೈಲಿ ನಡೆಸಿ ಬಾಸ್ಕ್ ರೆಡೊಂಡೋ ಎಂಬಲ್ಲಿ ಕೂಡಿಹಾಕಿದರು. ಅಲ್ಲಿ ಸತ್ತವರೇ ಎರಡು ಸಾವಿರಕ್ಕೂ ಹೆಚ್ಚು. 1868ರ ಒಪ್ಪಂದದ ನಂತರ ಉಳಿದವರು ತಮ್ಮ ನೆಲಕ್ಕೆ ಮರಳಿದರು. ಆ ಒಪ್ಪಂದದಲ್ಲೇ ಒಂದು ಸಾಲಿದೆ: ಸರ್ಕಾರ 15,000 ಕುರಿ-ಮೇಕೆ ಕೊಂಡು ಕೊಡತಕ್ಕದ್ದು. ಬದುಕು ಮತ್ತೆ ಎಲ್ಲಿಂದ ಶುರುವಾಗಬೇಕೆಂಬುದು ಆ ಕಾಗದಕ್ಕೂ ಗೊತ್ತಿತ್ತು.

1880ರ ದಶಕದಲ್ಲಿ ರೈಲು ಬಂತು. ಹಿಂದೆಯೇ ಗಿರಣಿಯ ಅಗ್ಗದ ಕಂಬಳಿ, ಕಾರ್ಖಾನೆಯ ಬಣ್ಣದ ನೂಲು. ನೇಯ್ದವರೇ ಗಿರಣಿ ಕಂಬಳಿ ಹೊದೆಯತೊಡಗಿದರು. ಗನಾಡೋದ ಹಬ್ಬೆಲ್, ಕ್ರಿಸ್ಟಲ್‌ನ ಜೆ. ಬಿ. ಮೂರ್ ಮುಂತಾದ ವ್ಯಾಪಾರಿಗಳು ಪೂರ್ವದ ನಗರಗಳ ಮನೆಗಳಿಗೆ ನೆಲಹಾಸು ಬೇಕು ಎಂದರು. ಹಬ್ಬೆಲ್ ತನಗೆ ಬೇಕಾದ ವಿನ್ಯಾಸಗಳ ಚಿತ್ರ ಬರೆಸಿ ಗೋಡೆಗೆ ತೂಗುಹಾಕಿದ. ಮೂರ್ 1903 ಮತ್ತು 1911ರಲ್ಲಿ ಕ್ಯಾಟಲಾಗೇ ಅಚ್ಚು ಹಾಕಿಸಿದ. ಹೊದೆಯುವ ರಗ್ಗು ಹಾಸುವ ರಗ್ಗಾದದ್ದು ಹೀಗೆ. ಅವರು ಮಾರುಕಟ್ಟೆ ಕಟ್ಟಿದ್ದು ನಿಜ. ಆದರೆ ಆ ಕಾಲದ ಬಹಳಷ್ಟು ವ್ಯಾಪಾರಿಗಳು ರಗ್ಗುಗಳನ್ನು ಕೊಳ್ಳುತ್ತಿದ್ದದ್ದು ತೂಕಕ್ಕೆ! ಹಳೆ ಪೇಪರ್ ತೂಗಿದ ಹಾಗೆ. ತೂಕಕ್ಕೆ ದುಡ್ಡು ಅಂದ ಮೇಲೆ ಸಣ್ಣ ಎಳೆ ನೂತವಳು ದಡ್ಡಿ ಎಂದೇ ಲೆಕ್ಕ ಅಲ್ವೇ?

1930ರ ದಶಕದಲ್ಲಿ ಇನ್ನೊಂದು ಪೆಟ್ಟು. ಕುರಿ ಹೆಚ್ಚಾಗಿ ಮಣ್ಣು ಸವೆಯುತ್ತಿದೆ, ಹೊಸ ಹೂವರ್ ಅಣೆಕಟ್ಟಿಗೆ ಹೂಳು ಬರುತ್ತದೆ ಎಂದು ಸರ್ಕಾರ ಹಿಂಡು ಇಳಿಸಲು ಹೊರಟಿತು. ಕೆಲವೆಡೆ ಅಲ್ಲಲ್ಲೇ ಗುಂಡಿಟ್ಟು ಕೊಂದು ಬಿಟ್ಟು ಹೋದರು. ಸವೆತ ಸುಳ್ಳಲ್ಲ, ಆದರೆ ಕುರಿಯ ಒಡತಿಯರನ್ನು ಯಾರೂ ಕೇಳಲಿಲ್ಲ. 1970ರ ದಶಕದ ಹೊತ್ತಿಗೆ ಹಳೆಯ ಚುರ್ರೋ ತಳಿ ಕೆಲವು ನೂರಕ್ಕೆ ಇಳಿದಿತ್ತು. 1977ರಲ್ಲಿ ಲೈಲ್ ಮೆಕ್‌ನೀಲ್ ಎಂಬ ಪ್ರಾಧ್ಯಾಪಕರು ಉಳಿದವನ್ನು ಹುಡುಕಿ ತಳಿ ಬೆಳೆಸತೊಡಗಿದರು. ನವಾಹೋ ಕುರಿಗಾಹಿಗಳು, ನೇಕಾರ್ತಿಯರು ಕೈಜೋಡಿಸಿದರು. ತಳಿ ಉಳಿಯಿತು.

ಇನ್ನೊಂದು ಕಥೆ ನಮ್ಮ ವೃತ್ತಿಗೇ ಸೇರಿದ್ದು. 1965ರಿಂದ 1975ರವರೆಗೆ ಫೇರ್‌ಚೈಲ್ಡ್ ಸೆಮಿಕಂಡಕ್ಟರ್ ಕಂಪನಿ ನವಾಹೋ ನಾಡಿನ ಶಿಪ್‌ರಾಕ್‌ನಲ್ಲಿ ಚಿಪ್ ಜೋಡಿಸುವ ಕಾರ್ಖಾನೆ ನಡೆಸಿತು. ಕೆಲಸಗಾರರಲ್ಲಿ ಬಹುಪಾಲು ನವಾಹೋ ಹೆಂಗಸರು. ಕಂಪನಿಯ 1969ರ ಪ್ರಚಾರ ಪುಸ್ತಿಕೆ ರಗ್ಗಿನ ವಿನ್ಯಾಸವನ್ನೂ ಚಿಪ್ಪಿನ ವಿನ್ಯಾಸವನ್ನೂ ಅಕ್ಕಪಕ್ಕ ಇಟ್ಟು, ಈ ಕೌಶಲ ಇವರಿಗೆ ಹುಟ್ಟಿನಿಂದಲೇ ಬಂದದ್ದು ಎಂದಿತು. ಓದಿದಾಗ ಮೊದಲು ಖುಷಿಯಾಯಿತು. ಆಮೇಲೆ ಕಸಿವಿಸಿ. ಹುಟ್ಟಿನಿಂದ ಬಂದದ್ದಾದರೆ ಅದಕ್ಕೆ ಸಂಬಳ ಯಾಕೆ ಕೊಡಬೇಕು, ಅಲ್ವಾ? ನನ್ನ ನಾಲ್ಕು ವರ್ಷದ ಇಂಜಿನಿಯರಿಂಗ್ ಮಾತ್ರ 'ಕಲಿತ ವಿದ್ಯೆ', ಅಜ್ಜಿ ಅಮ್ಮನಿಂದ, ಅಮ್ಮ ಅವರಮ್ಮನಿಂದ ಕಲಿತದ್ದು 'ರಕ್ತಗುಣ'! ತೂಕದ ಲೆಕ್ಕಕ್ಕೂ ಈ ಹೊಗಳಿಕೆಗೂ ಏನು ವ್ಯತ್ಯಾಸ? ಎರಡರಲ್ಲೂ ಕಳೆದುಹೋಗುವುದು ಆ ಗಂಟೆಗಳೇ.

1994ರಲ್ಲಿ ಇಂಟೆಲ್ ಕೇಳಿಕೆಯ ಮೇರೆಗೆ ಮಾರಿಲೂ ಶುಲ್ಟ್ಸ್ ಎಂಬ ನವಾಹೋ ನೇಕಾರ್ತಿ ಪೆಂಟಿಯಂ ಚಿಪ್ಪಿನ ವಿನ್ಯಾಸವನ್ನೇ ಉಣ್ಣೆಯಲ್ಲಿ ನೇಯ್ದರು. ಅವರು ಗಣಿತದ ಮೇಷ್ಟ್ರು ಕೂಡ. ಆ ರಗ್ಗಿಗೆ ಅವರ ಹೆಸರಿದೆ ಎಂಬುದೇ ನನಗೆ ದೊಡ್ಡದು. ಯಾಕೆಂದರೆ 2012ರಲ್ಲಿ ಕ್ಯಾಲಿಫೋರ್ನಿಯಾದ ಒಂದು ಹರಾಜಿನಲ್ಲಿ ಹಳೆಯ 'ನಾಯಕನ ಕಂಬಳಿ'ಯೊಂದು 18 ಲಕ್ಷ ಡಾಲರಿಗೆ ಹೋಯಿತು. ಅದನ್ನು ನೇಯ್ದವಳ ಹೆಸರು ಮಾತ್ರ ಯಾರಿಗೂ ಗೊತ್ತಿಲ್ಲ.

ಅವತ್ತು ನಾವು ಗನಾಡೋದಲ್ಲಿ ಏನೂ ಕೊಳ್ಳದೆ ಹೊರಟೆವು. ಅಜ್ಜಿಯ ಹೆಸರು ಕೇಳುವುದನ್ನೂ ಮರೆತಿದ್ದೆ. ಈಗ ಯಾರಾದರೂ ಕೈಮಗ್ಗದ ಬಟ್ಟೆಗೆ "ಜಾಸ್ತಿ ಆಯ್ತು" ಅಂದರೆ ನಾನು ವಾದ ಮಾಡಲ್ಲ. ಲೆಕ್ಕ ಎಲ್ಲಿಂದ ಶುರು ಮಾಡಿದ್ರಿ ಅಂತ ಕೇಳ್ತೀನಿ, ಅಷ್ಟೇ.