ಗುಡ್ಡೆಗೆ ಒಂದು ಸುತ್ತು

ಕಳೆದ ಬೇಸಗೆಯಲ್ಲಿ ಸುಳ್ಯದ ತವರಿಗೆ ಹೋಗಿದ್ದಾಗ ಎಪ್ಪತ್ತು ದಾಟಿದ ಚಿಕ್ಕಮ್ಮ, "ಬಾ, ಗುಡ್ಡೆಗೊಂದು ಸುತ್ತು ಹೋಗಿ ಬರುವ" ಎಂದರು. ಅಂಗಳದಿಂದ ಹೊರಟು, ಮದಕ ಬಳಸಿ, ಅಡಿಕೆ ತೋಟದ ಬದಿಯಿಂದ ಮತ್ತೆ ಅಂಗಳಕ್ಕೇ ಬರುವ ದಾರಿ. ಗಂಟೆಯೊಳಗೆ ಮುಗಿಯುತ್ತದೆ, ಏದುಸಿರು ಬರುವಷ್ಟು ಏರಿಲ್ಲ.

ಈ ದಾರಿ ಮಾಡಿದ್ದು ದನಗಳು. ನಮ್ಮ ಜಿಲ್ಲೆಯಲ್ಲಿ 1866ಕ್ಕೆ ಮೊದಲಿನ ವರ್ಗ ಜಮೀನಿನ ಅಂಚಿನಿಂದ ನೂರು ಗಜದವರೆಗಿನ ಸರಕಾರಿ ಭೂಮಿಗೆ ಕುಮ್ಕಿ ಎನ್ನುತ್ತಾರೆ. ಅದು ಒಡೆತನವಲ್ಲ, ಸವಲತ್ತು: ದನ ಮೇಯಿಸಬಹುದು, ಹಟ್ಟಿಗೆ ಸೊಪ್ಪು, ಒಲೆಗೆ ಸೌದೆ ತರಬಹುದು. 1964ರ ಭೂಕಂದಾಯ ಕಾಯಿದೆಯೂ ಇದನ್ನು ಉಳಿಸಿತು. ಕಾಗದದಲ್ಲಿ ಗಂಡಸರ ಹೆಸರು; ಸೊಪ್ಪಿನ ಹೊರೆ ಹೆಂಗಸರ ತಲೆಯ ಮೇಲೆ.

ಈಗ ಅಲ್ಲಿ ರಬ್ಬರು. 1964ರ ಶಾಸ್ತ್ರಿ–ಸಿರಿಮಾವೊ ಒಪ್ಪಂದದ ಬಳಿಕ ಶ್ರೀಲಂಕಾದಿಂದ ಬಂದ ತಮಿಳರ ಬದುಕಿಗೆಂದು ಸುಳ್ಯ, ಪುತ್ತೂರು ಕಡೆ ಸರಕಾರಿ ರಬ್ಬರು ತೋಟಗಳೆದ್ದವು. ನಮ್ಮ ಮನೆಯವರೂ ಆಮೇಲೆ ಗುಡ್ಡೆಯಲ್ಲಿ ರಬ್ಬರು ನೆಟ್ಟರು. ಮುಳಿಹುಲ್ಲು ಹೋಯಿತು, ಹಟ್ಟಿ ಬರಿದಾಯಿತು.

"ಎಷ್ಟು ಚಂದ ಇತ್ತಲ್ಲ, ಚಿಕ್ಕಮ್ಮ" ಎಂದೆ.

ಅವರು ಮುರಕಲ್ಲಿನ ಪಾರೆಯ ಮೇಲೆ ಕುಳಿತರು. "ಐದನೇ ಕ್ಲಾಸಿಗೆ ಶಾಲೆ ಬಿಡಿಸಿ ದನದ ಹಿಂದೆ ಕಳಿಸಿದರು. ಕಲಿತ ಪದ್ಯ ಮರೆಯಬಾರದೆಂದು ಇಲ್ಲೇ ಕುಳಿತು ದನಗಳಿಗೆ ಹೇಳುತ್ತಿದ್ದೆ."

ನಮ್ಮ ದನ ಮಾರಿದ ವರ್ಷವೇ ನಾನು ಹೈಸ್ಕೂಲಿಗೆ ಸೇರಿದ್ದು. ಅದು ನೆನಪಾಗಿ ಮಾತು ಹೊರಡಲಿಲ್ಲ. ಇಳಿಯುವಾಗ ಅವರ ಕೈ ಹಿಡಿದುಕೊಂಡೆ. "ನನಗೆ ದಾರಿ ಗೊತ್ತುಂಟು" ಎಂದು ಬಿಡಿಸಿಕೊಂಡು ಮುಂದೆ ನಡೆದರು.