ಗ್ರಾಮದ ಲೆಕ್ಕ, ಹೊಲದ ಸಿಗ್ನಲ್: ಸಿಂಧನೂರು, ಲಿಂಗಸುಗೂರು, ಮಸ್ಕಿ ತಾಲ್ಲೂಕುಗಳಲ್ಲಿ ಮೊಬೈಲ್ ವ್ಯಾಪ್ತಿ

ಮೊಬೈಲ್ ವ್ಯಾಪ್ತಿಯನ್ನು ಕೇಂದ್ರ ದೂರಸಂಪರ್ಕ ಇಲಾಖೆ ಎಣಿಸುವುದು ಗ್ರಾಮವಾರು. ಸಂಸತ್ತಿಗೆ ಅದು ಕೊಡುವ ಉತ್ತರಗಳಿಗೆ ಜನಗಣತಿಯ 6,44,131 ಗ್ರಾಮಗಳ ಪಟ್ಟಿಯೇ ಆಧಾರ. ರಾಯಚೂರು ಜಿಲ್ಲೆಯ ಈ ಮೂರು ತಾಲ್ಲೂಕುಗಳ ಜನವಸತಿಗೆ ಈ ಅಳತೆಗೋಲು ಒಗ್ಗುವುದಿಲ್ಲ ಎಂಬುದು ಇಲ್ಲಿನ ವಾದ.

ತುಂಗಭದ್ರಾ ಎಡದಂಡೆ ಕಾಲುವೆಯ ನೀರು ಹರಿದ ಮೇಲೆ ಸಿಂಧನೂರು ಭಾಗಕ್ಕೆ ಆಂಧ್ರದ ರೈತರು ಬಂದು ಕ್ಯಾಂಪ್ ಕಟ್ಟಿಕೊಂಡರು. ಪೂರ್ವ ಪಾಕಿಸ್ತಾನದಿಂದ ಬಂದ ಬಂಗಾಳಿ ನಿರಾಶ್ರಿತರ ಪುನರ್ವಸತಿ ಕ್ಯಾಂಪ್‌ಗಳೂ ಅಲ್ಲಿವೆ. ಲಿಂಗಸುಗೂರಿನಲ್ಲಿ ದೊಡ್ಡಿಗಳು, ತಾಂಡಾಗಳು. ಅಕ್ಕಪಕ್ಕದ ತಾಲ್ಲೂಕುಗಳ ಊರುಗಳನ್ನು ಕೂಡಿಸಿ ಮಾಡಿದ ಮಸ್ಕಿಯಲ್ಲಿ ಎರಡೂ ಬಗೆಯ ವಸತಿ ಕಾಣುತ್ತದೆ. ಇವುಗಳಲ್ಲಿ ಎಷ್ಟೋ ವಸತಿಗಳು ಕಾಗದದ ಮೇಲೆ ಬೇರೊಂದು ಗ್ರಾಮದ ಸರ್ವೆ ನಂಬರುಗಳಷ್ಟೇ. ಮೂಲ ಗ್ರಾಮಕ್ಕೆ ಸಿಗ್ನಲ್ ಇದ್ದರೆ ದೊಡ್ಡಿಗೂ ಇದೆಯೆಂದೇ ಲೆಕ್ಕ. ರಾಯಚೂರು, ಯಾದಗಿರಿ, ಕಲಬುರಗಿ, ಬೀದರ್, ವಿಜಯಪುರ ಜಿಲ್ಲೆಗಳ ಸುಮಾರು 1,475 ದಾಖಲೆರಹಿತ ವಸತಿಗಳನ್ನು ಕಂದಾಯ ಗ್ರಾಮಗಳೆಂದು ಘೋಷಿಸಿ, 2023ರ ಜನವರಿಯಲ್ಲಿ ಮಳಖೇಡದಲ್ಲಿ ಹಕ್ಕುಪತ್ರ ವಿತರಿಸಲಾಯಿತು. 2011ರ ಜನಗಣತಿ ಪಟ್ಟಿಯಲ್ಲಿ ಈ ಹೊಸ ಗ್ರಾಮಗಳನ್ನು ಹುಡುಕಿ ಪ್ರಯೋಜನವಿಲ್ಲ.

ಇನ್ನು ಹೊಲದ ಮಾತು. ಬೋರ್‌ವೆಲ್ ಪಂಪ್‌ಸೆಟ್ಟಿಗೆ ರೈತ ಮೊಬೈಲ್ ಸ್ಟಾರ್ಟರ್ ಕೂಡಿಸುತ್ತಾನೆ, ಡಬ್ಬಿಯೊಳಗೊಂದು ಸಿಮ್. ತ್ರೀಫೇಸ್ ಕರೆಂಟು ನಡುರಾತ್ರಿ ಬಂದರೂ ಮನೆಯಿಂದಲೇ ಕರೆ ಮಾಡಿ, ಗುಂಡಿ ಒತ್ತಿ ಮೋಟಾರ್ ಚಾಲೂ ಮಾಡಬಹುದು. ಹಾವು ಚೇಳಿನ ಹೊಲಕ್ಕೆ ಬ್ಯಾಟರಿ ಹಿಡಿದು ಹೋಗುವುದು ತಪ್ಪುತ್ತದೆ. ಅದಕ್ಕೆ ಸಿಗ್ನಲ್ ಬೇಕಾದದ್ದು ಊರ ಅಗಸಿಯಲ್ಲಲ್ಲ, ಬೋರಿನ ಹತ್ತಿರ. ‘ಟವರ್ ಸಿಗವಲ್ದು’ ಎಂಬ ದೂರಿನ ಹಿಂದೆ ಇಂಥ ಕೆಲಸಗಳಿವೆ. ಉದ್ಯೋಗ ಖಾತ್ರಿಯ ಹಾಜರಿಯೂ ಹಾಗೆಯೇ: 2023ರ ಜನವರಿ 1ರಿಂದ ಸಾಮೂಹಿಕ ಕಾಮಗಾರಿಗಳಲ್ಲಿ ಆ್ಯಪ್ ಕಡ್ಡಾಯವಾಯಿತು, ಕೆರೆ ಹೂಳೆತ್ತುವ ಜಾಗ ಯಾವ ಜನಗಣತಿ ಗ್ರಾಮವೂ ಅಲ್ಲ.

ಹಣವಿಲ್ಲವೆಂದಲ್ಲ. 2002ರಲ್ಲಿ ಆರಂಭವಾದ ಸಾರ್ವತ್ರಿಕ ಸೇವಾ ಬಾಧ್ಯತಾ ನಿಧಿ ಈಗ ಡಿಜಿಟಲ್ ಭಾರತ್ ನಿಧಿ. ಆದರೆ 2021ರಲ್ಲಿ ಮಹತ್ವಾಕಾಂಕ್ಷಿ ಜಿಲ್ಲೆಗಳ 7,287 ಗ್ರಾಮಗಳಿಗೆ 4ಜಿ ಮಂಜೂರಾದಾಗ ಆಯ್ಕೆಯಾದವು ಐದು ರಾಜ್ಯಗಳ 44 ಜಿಲ್ಲೆಗಳು; ಕರ್ನಾಟಕದ ಹೆಸರಿರಲಿಲ್ಲ. ರಾಯಚೂರು 2018ರಿಂದಲೇ ಮಹತ್ವಾಕಾಂಕ್ಷಿ ಜಿಲ್ಲೆ. ಹಣೆಪಟ್ಟಿ ಸಿಕ್ಕಿತು, ಟವರ್ ಸಿಗಲಿಲ್ಲ. 2022ರ ಜುಲೈಯಲ್ಲಿ 24,680 ಗ್ರಾಮಗಳಿಗಾಗಿ 26,316 ಕೋಟಿ ರೂಪಾಯಿಯ ಯೋಜನೆ ಬಂತು. ಅದರ ಎಣಿಕೆಯೂ ಗ್ರಾಮದ್ದೇ.

ತಾಂತ್ರಿಕ ಕಾರಣಗಳನ್ನು ಅಲ್ಲಗಳೆಯಬೇಕಿಲ್ಲ. 700, 900 ಮೆಗಾಹರ್ಟ್ಸ್ ತರಂಗ ದೂರ ಹೋಗುತ್ತದೆ. 2300 ಬೇಗ ಸೊರಗುತ್ತದೆ. ಮುದಗಲ್, ಮಸ್ಕಿ ಸುತ್ತಿನ ಕಲ್ಲುಗುಡ್ಡಗಳ ಹಿಂಬದಿ ನೆರಳಾಗುತ್ತದೆ. ಕರೆಂಟು ಹೋಗಿ ಬ್ಯಾಟರಿ ಕುಂದಿದರೆ ಟವರ್ ಬರೀ ಕಬ್ಬಿಣ. ಆದರೆ ತೊಂದರೆ ಎಲ್ಲಿದೆ ಎಂದು ಗುರುತಿಸದೆ ಪರಿಹಾರದ ಮಾತು ವ್ಯರ್ಥ. 2024ರ ಅಕ್ಟೋಬರ್ 1ರಿಂದ ಜಾರಿಯಾದ ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರದ (ಟ್ರಾಯ್) ನಿಯಮಗಳ ಪ್ರಕಾರ ಕಂಪನಿಗಳು ವ್ಯಾಪ್ತಿಯ ನಕ್ಷೆಯನ್ನು ತಮ್ಮ ಜಾಲತಾಣದಲ್ಲಿ ಪ್ರಕಟಿಸಬೇಕು. ಗ್ರಾಮ ಪಂಚಾಯಿತಿಗಳು ತಮ್ಮ ಕ್ಯಾಂಪ್, ದೊಡ್ಡಿ, ತಾಂಡಾಗಳನ್ನು ಆ ನಕ್ಷೆಯ ಮೇಲೆ ಗುರುತು ಹಾಕಿ, ಸ್ಥಳದಲ್ಲೇ ಪರೀಕ್ಷಿಸಿ, ವ್ಯತ್ಯಾಸವನ್ನು ಜಿಲ್ಲಾಡಳಿತಕ್ಕೆ ಬರೆದು ಕೊಡಬಹುದು. ದೊಡ್ಡ ಖರ್ಚೇನಿಲ್ಲ.

ಕೃಷ್ಣೆಯ ದಂಡೆಯ ಸಂಗತಿ ಇದಕ್ಕಿಂತ ತುರ್ತಿನದು. ನಾರಾಯಣಪುರ ಜಲಾಶಯದಿಂದ ಹೆಚ್ಚು ನೀರು ಬಿಟ್ಟಾಗ ಶೀಲಹಳ್ಳಿ ಸೇತುವೆ ಮುಳುಗಿ ಲಿಂಗಸುಗೂರು ತಾಲ್ಲೂಕಿನ ನಡುಗಡ್ಡೆಗಳಿಗೆ ದಾರಿ ಕಡಿಯುತ್ತದೆ. ಆಗ ಯಾವ ಕಂಪನಿಯದಾದರೂ ಸರಿ, ಸಿಗ್ನಲ್ ಸಿಗಬೇಕು. ಒಂದು ಕಂಪನಿಯ ಸಿಮ್ಮಿಗೆ ಇನ್ನೊಂದರ ಟವರಿನಿಂದ ಸೇವೆ ಕೊಡುವ ವ್ಯವಸ್ಥೆಯನ್ನು ಡಿಜಿಟಲ್ ಭಾರತ್ ನಿಧಿಯ ನೆರವಿನ ಟವರುಗಳಲ್ಲಿ 2025ರ ಜನವರಿಯಲ್ಲಿ ಆರಂಭಿಸಲಾಗಿದೆ. ನೀರು ಬಿಡುವ ಮುನ್ಸೂಚನೆ ಹೊರಟ ಗಳಿಗೆಯಿಂದಲೇ ನಡುಗಡ್ಡೆಗಳ ಸುತ್ತಲಿನ ಎಲ್ಲ ಟವರುಗಳಿಗೂ ಇದೇ ವ್ಯವಸ್ಥೆ ಅನ್ವಯಿಸುವಂತೆ ಜಿಲ್ಲಾ ವಿಪತ್ತು ನಿರ್ವಹಣಾ ಯೋಜನೆಯಲ್ಲಿ ಬರೆದಿಡಬೇಕು. ಪ್ರವಾಹ ಬಂದ ಮೇಲೆ ಬೆಂಗಳೂರಿಗೆ ಪತ್ರ ಬರೆಯುವಂತಾಗಬಾರದು.