ನಾನು ಹೇಳದೆ ಬಿಟ್ಟ ಪಾಠ



ಮೂವತ್ತು ವರ್ಷಗಳ ಕಾಲ ನಾನು ಪ್ರೌಢಶಾಲೆಯಲ್ಲಿ ಇತಿಹಾಸವನ್ನು ಬೋಧಿಸಿದೆ. ಮೊದಲನೆಯ ಮಹಾಯುದ್ಧದ ಕಾರಣಗಳು, ಪರಿಣಾಮಗಳು, ವರ್ಸೇಲ್ಸ್ ಒಪ್ಪಂದ ಇವನ್ನೆಲ್ಲ ಬಾಯಿಪಾಠ ಮಾಡಿ ಒಪ್ಪಿಸಿದವರು ನಿಮ್ಮಲ್ಲಿ ಅನೇಕರಿದ್ದೀರಿ. ಆದರೆ ಆ ಯುದ್ಧದಲ್ಲಿ ನಮ್ಮ ಮೈಸೂರು ಸಂಸ್ಥಾನದ ಯೋಧರೂ ಮಡಿದರೆಂಬ ಸಂಗತಿಯನ್ನು ನಾನು ಒಂದು ದಿನವೂ ತರಗತಿಯಲ್ಲಿ ಹೇಳಲಿಲ್ಲ. ಪಠ್ಯದಲ್ಲಿರಲಿಲ್ಲ, ನಾನೂ ಹುಡುಕಲಿಲ್ಲ.

ಈಚೆಗೆ ಬಂಧುಗಳ ಮನೆಯ ಮದುವೆಗೆಂದು ಮೈಸೂರಿನ ವಿಜಯನಗರದಿಂದ ಬೆಂಗಳೂರಿಗೆ ಹೋದಾಗ, ಅಲ್ಲಿನ ಜೆ.ಸಿ. ನಗರದಲ್ಲಿರುವ ಮೈಸೂರು ಲ್ಯಾನ್ಸರ್ಸ್ ಸ್ಮಾರಕವನ್ನು ನೋಡಿಬಂದೆ. ಸುತ್ತ ವಾಹನಗಳ ಗದ್ದಲ. ನಡುವೆ ಮೌನವಾಗಿ ನಿಂತ ಕಲ್ಲು. ಅದರ ಮೇಲೆ ಮಡಿದವರ ಹೆಸರುಗಳು.

ನಾಲ್ವಡಿ ಕೃಷ್ಣರಾಜ ಒಡೆಯರ ಆಳ್ವಿಕೆಯಲ್ಲಿ, 1914ರಲ್ಲಿ, ಈ ಅಶ್ವದಳವು ಸಮುದ್ರ ದಾಟಿ ಈಜಿಪ್ಟಿಗೆ ಹೋಯಿತು. ಸೂಯೆಜ್ ಕಾಲುವೆಯ ಕಾವಲು ಅದರ ಮೊದಲ ಹೊಣೆ. ಹೈದರಾಬಾದ್ ಮತ್ತು ಜೋಧಪುರದ ದಳಗಳೊಡನೆ ಅದು 15ನೆಯ ಇಂಪೀರಿಯಲ್ ಸರ್ವಿಸ್ ಅಶ್ವಸೇನಾ ಬ್ರಿಗೇಡಿನಲ್ಲಿ ಸೇರಿತ್ತು. 1918ರ ಸೆಪ್ಟೆಂಬರ್ 23ರಂದು ಹೈಫಾ ನಗರದ ಮೇಲೆ ದಾಳಿ ನಡೆಯಿತು. ಒಂದು ಬದಿಯಲ್ಲಿ ಕಿಶೋನ್ ನದಿ, ಇನ್ನೊಂದು ಬದಿಯಲ್ಲಿ ಕಾರ್ಮೆಲ್ ಬೆಟ್ಟ. ಎದುರಿಗೆ ಫಿರಂಗಿಗಳು, ಮೆಷಿನ್ ಗನ್ನುಗಳು. ಮೈಸೂರಿನ ಸವಾರರ ಒಂದು ತುಕಡಿ ಕಡಿದಾದ ಬೆಟ್ಟವನ್ನೇರಿ ಅಲ್ಲಿದ್ದ ಫಿರಂಗಿಗಳ ಮೇಲೆ ಬಿದ್ದರೆ, ಜೋಧಪುರದವರು ಕೆಳಗಿನಿಂದ ನುಗ್ಗಿದರು. ಭರ್ಜಿ ಹಿಡಿದ ಸವಾರರು ಊರನ್ನು ಗೆದ್ದರು. ಸೆರೆಸಿಕ್ಕವರು 1,350 ಮಂದಿ. ನಮ್ಮ ಕಡೆ ಸತ್ತವರು 8 ಮಂದಿ, ಗಾಯಗೊಂಡವರು 34. ಕುದುರೆಗಳು 60 ಸತ್ತವು. ದೆಹಲಿಯ ತೀನ್ ಮೂರ್ತಿಯಲ್ಲಿರುವ ಮೂರು ಪ್ರತಿಮೆಗಳು ಈ ಮೂರು ಸಂಸ್ಥಾನಗಳ ಯೋಧರ ನೆನಪಿಗೇ ನಿಂತಿವೆ.

ಯುದ್ಧ ಬ್ರಿಟಿಷರದು, ಅವರ ಸಾಮ್ರಾಜ್ಯದ ಹಿತಕ್ಕಾಗಿ ನಡೆದದ್ದು, ಅದರಲ್ಲಿ ನಮಗೇಕೆ ಹೆಮ್ಮೆ ಎಂದು ನೀವು ಕೇಳಬಹುದು. ಪ್ರಶ್ನೆ ನ್ಯಾಯವಾದದ್ದೇ. ಆದರೆ ನಮ್ಮ ಹಳ್ಳಿಗಳ ವೀರಗಲ್ಲುಗಳು ಯಾವ ದೊರೆಯ ಪರವಾಗಿ ಹೋರಾಡಿದವರೆಂದು ನೋಡಿ ನಾವು ಕೈಮುಗಿಯುತ್ತೇವೆಯೇ? ಮನೆಗೆ ಮರಳದವನನ್ನು ಊರು ಮರೆಯಬಾರದೆಂಬುದಷ್ಟೇ ಆ ಕಲ್ಲುಗಳ ಕೋರಿಕೆ.

ಸ್ಮಾರಕದ ಮುಂದೆ ನಿಂತು, ಹಳೆಯ ಅಭ್ಯಾಸದಿಂದ, ಹಾಜರಿ ಕರೆಯುವಂತೆ ಕೆಲವು ಹೆಸರುಗಳನ್ನು ಮೆಲ್ಲಗೆ ಓದಿದೆ. ಗಂಟಲು ಕಟ್ಟಿತು, ಪೂರ್ತಿ ಓದಲಾಗಲಿಲ್ಲ.

ನಿಮ್ಮಲ್ಲಿ ಈಗ ಶಿಕ್ಷಕರಾಗಿರುವವರಿಗೆ ನನ್ನದೊಂದು ಬಿನ್ನಹ. ಮುಂದಿನ ಸೆಪ್ಟೆಂಬರ್ 23ರಂದು ಐದು ನಿಮಿಷ ಈ ಪಾಠವನ್ನು ಹೇಳಿರಿ. ನಾನು ಬಾಕಿ ಉಳಿಸಿದ ಪಾಠವದು.